ಊರಿನ ಬಾವುಟ, ಊರಿನ ಮುದ್ರೆ

(ಪಾಣೆಮಂಗಳೂರಿನಲ್ಲಿ ಅಧ್ಯಾಪಕರೂ ಪುರಜನರೂ ನೆರೆದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಾವುಟವೆಂದರೇನೆಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ದೇವಸ್ಥಾನದಲ್ಲಿ ಕೊಡಿ ಏರಿತೆಂದರೆ ಊರಿಗೆಲ್ಲ ಅದೊಂದು ಕಟ್ಟು. ಕೊಡಿ ಇಳಿಯುವ ತನಕ ಊರವನು ಪರಸ್ಥಳದಲ್ಲಿ ರಾತ್ರಿ ಕಳೆಯಬಾರದೆಂದು ಹಿರಿಯರು ನಡೆದುಕೊಂಡು ಬಂದರು. ಇಲ್ಲಿಂದ ಕೂಗಳತೆಯಲ್ಲದಿದ್ದರೂ ಬಹು ದೂರವೂ ಅಲ್ಲದ ಪೊಳಲಿಯಲ್ಲಿ ಹಾಗೆ ಏರಿದ ಕೊಡಿ ಸುಮಾರು ಒಂದು ತಿಂಗಳ ಕಾಲ ಇಳಿಯುವುದಿಲ್ಲ. ಮೊಳ ಬಟ್ಟೆಗೆ ತನ್ನದೆಂಬ ಬಲವೇನೂ ಇಲ್ಲ. ಅದನ್ನು ಕಂಡವರು ತಮ್ಮನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಾವು ಇಂದು ಆಡಲಿರುವ ಮಾತಿಗೆಲ್ಲ ಇದೇ ಬೀಜವೆಂದು ತಿಳಿಯಬೇಕು.

ಊರಿನ ಪುರಸಭೆಗೆ ಧ್ವಜವೂ ಲಾಂಛನವೂ ಇರಬೇಕೆ, ಇರುವುದಾದರೆ ಅವುಗಳಲ್ಲಿ ಏನಿರಬೇಕು ಎಂಬ ವಿಷಯವಾಗಿ ಮಾತನಾಡಬೇಕೆಂದು ತಮ್ಮ ಅಪ್ಪಣೆಯಾಗಿದೆ. ನಲ್ಲಿಯಲ್ಲಿ ನೀರು ಬಾರದಿರುವಾಗ, ಚರಂಡಿಯಲ್ಲಿ ನೀರು ನಿಂತಿರುವಾಗ ಇದು ಹೊಟ್ಟೆ ತುಂಬಿದವರ ವಿನೋದವೆಂದು ಕೆಲವರಿಗೆ ತೋರಬಹುದು. ಅವರಿಗೆ ನಾವು ಹೇಳುವ ಮೊದಲ ಮಾತು ಶುದ್ಧ ವಕೀಲಿಯದು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಪುರಸಭೆಯನ್ನು ಒಂದು ನಿಗಮಿತ ವ್ಯಕ್ತಿಯೆಂದು ಎಣಿಸಿ, ಅದಕ್ಕೆ ಅಳಿವಿಲ್ಲದ ಉತ್ತರಾಧಿಕಾರವನ್ನೂ ಸಾಮಾನ್ಯ ಮುದ್ರೆಯನ್ನೂ ಕೊಟ್ಟಿದೆ. ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಮುದ್ರೆ ಉಳಿಯುತ್ತದೆ. ಆ ಮುದ್ರೆ ಬಿದ್ದ ಕರಾರಿಗೆ ಮುಂದಿನ ಸಭೆಯೂ ಬದ್ಧ. ಹಾಗಾದ ಮೇಲೆ ಮುದ್ರೆ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಅದರ ಮೇಲೆ ಏನನ್ನು ಕೆತ್ತಿಸಬೇಕೆಂಬುದಷ್ಟೇ ಪ್ರಶ್ನೆ.

ಲಾಂಛನವೆಂಬ ಮಾತನ್ನು ಸ್ವಲ್ಪ ವಿಚಾರಿಸೋಣ. ಚಂದ್ರನಲ್ಲಿ ಕಾಣುವ ಕಲೆಯನ್ನೂ ನಮ್ಮವರು ಲಾಂಛನವೆಂದೇ ಕರೆದರು. ಗುರುತೆಂಬುದೇ ಅದರ ಮೂಲಾರ್ಥ. ಇದನ್ನು ಅರಿಯಬೇಕಾದರೆ ದೂರ ಹೋಗಬೇಕಾದುದಿಲ್ಲ. ಮೂಡಬಿದ್ರೆಯ ಬಸದಿಗಳಿಗೆ ಹೋಗಿ ನೋಡಿದರೆ ಸಾಕು. ತೀರ್ಥಂಕರರ ಬಿಂಬಗಳು ಬಹುಮಟ್ಟಿಗೆ ಒಂದೇ ಬಗೆಯವು. ಅದೇ ನಿಲುವು, ಅದೇ ಶಾಂತಮುದ್ರೆ. ಇವನು ವೃಷಭನಾಥ, ಇವನು ಮಹಾವೀರ, ಇವನು ಚಂದ್ರನಾಥ ಎಂದು ಬೇರ್ಪಡಿಸಿ ತಿಳಿಯುವುದು ಪೀಠದಲ್ಲಿ ಕೆತ್ತಿದ ಲಾಂಛನದಿಂದ: ಒಬ್ಬನಿಗೆ ಎತ್ತು, ಒಬ್ಬನಿಗೆ ಸಿಂಹ, ಒಬ್ಬನಿಗೆ ಬಾಲಚಂದ್ರ. ವೇಣೂರಿನಲ್ಲಿ 1604ರಲ್ಲಿ ನಿಂತ ಗೊಮ್ಮಟನಿಗೆ ಇಂಥ ಲಾಂಛನವಿಲ್ಲ. ಅವನು ತೀರ್ಥಂಕರನಲ್ಲ, ಮೈಗೆ ಹಬ್ಬಿದ ಬಳ್ಳಿಯೇ ಅವನ ಗುರುತು. ಊರುಗಳ ವಿಷಯವೂ ಹಾಗೆಯೇ. ಒಂದು ಪೇಟೆಯ ಕಟ್ಟಡ, ಅಂಗಡಿಸಾಲು, ಬಸ್ಸಿನ ನಿಲ್ದಾಣಗಳು ಇನ್ನೊಂದು ಪೇಟೆಯವನ್ನೇ ಹೋಲುತ್ತಿರುವ ಈ ಕಾಲದಲ್ಲಿ ಪೀಠದ ಗುರುತು ಹೆಚ್ಚು ಅವಶ್ಯವೇ ಹೊರತು ಕಡಿಮೆಯಲ್ಲ.

ಮುದ್ರೆಯ ಕೆಲಸವು ಗುರುತಿಗಿಂತಲೂ ಒಂದು ಹೆಜ್ಜೆ ಮುಂದಿನದು. ಹಿಂದಿನ ಅರಸರು ದಾನವನ್ನು ತಾಮ್ರದ ಹಲಗೆಗಳ ಮೇಲೆ ಬರೆಯಿಸಿ, ಹಲಗೆಗಳಿಗೆ ತೂತು ಕೊರೆದು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ರಾಜಮುದ್ರೆಯನ್ನು ಎರಕ ಹೊಯ್ಯಿಸುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನು ತೆಗೆಯುವಂತಿಲ್ಲ, ಹೊಸದೊಂದನ್ನು ಸೇರಿಸುವಂತಿಲ್ಲ. ಆದುದರಿಂದಲೇ ಶಾಸನಪಂಡಿತರ ಕೈಗೆ ತಾಮ್ರಪಟ ದೊರೆತರೆ ಬಳೆ ಮೊದಲೇ ಕತ್ತರಿಸಲ್ಪಟ್ಟಿತ್ತೆ ಎಂಬುದನ್ನೂ ಅವರು ವಿಚಾರಿಸುತ್ತಾರೆ. ಕೊಟ್ಟವನು ಕೊಟ್ಟ ಮಾತನ್ನು ತಾನೂ ತಿದ್ದಲಾರದಂತೆ ಮಾಡಿಕೊಂಡ ಬೀಗವದು. ಮುದ್ರೆಯು ಒಡೆತನದ ಹೆಮ್ಮೆಯ ಬಿಲ್ಲೆಯೆಂದು ಬಗೆಯುವವರು ಈ ಬಳೆಯನ್ನು ನೆನೆಯಬೇಕು.

ಇಂಥ ತಾಮ್ರಪಟಗಳಲ್ಲಿ ಕನ್ನಡದಲ್ಲಿಯೇ ಆದಿಯಿಂದ ಅಂತ್ಯದವರೆಗೆ ಬರೆದ ಅತ್ಯಂತ ಹಳೆಯದು ಎಲ್ಲಿಯದು ಬಲ್ಲಿರಾ? ಬನವಾಸಿಯದಲ್ಲ, ಬಾದಾಮಿಯದಲ್ಲ. ಕಾರ್ಕಳದ ಸೀಮೆಯ ಬೆಳ್ಮಣ್ಣಿನದು. ಎಂಟನೆಯ ಶತಮಾನದ ಆದಿಭಾಗದಲ್ಲಿ ಆಳುಪ ದೊರೆ ಎರಡನೆಯ ಆಳುವರಸನು ಕೊಟ್ಟದ್ದು. ಅದರ ಮುದ್ರೆಯಲ್ಲಿರುವುದು ಜೋಡಿ ಮೀನು. ಆಳುಪರು ತಮ್ಮನ್ನು ಪಾಂಡ್ಯವಂಶದವರೆಂದು ಹೇಳಿಕೊಂಡರು. ಮೀನು ಅವರ ಕುಲದ ಗುರುತು. ಅವರ ಚಿನ್ನದ ನಾಣ್ಯಗಳ ಮೇಲೂ ಆ ಜೋಡಿ ಮೀನೇ ಇದೆ. ಐದನೆಯ ಶತಮಾನದ ಹಲ್ಮಿಡಿಯ ಶಿಲಾಶಾಸನದಲ್ಲಿಯೂ ಆಳುಪರ ಹೆಸರು ಬಂದಿದೆ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಕನ್ನಡದ ಅತಿ ಹಳೆಯ ಕಲ್ಲಿನ ಬರಹಗಳಲ್ಲಿ ಒಂದರಲ್ಲಿ ಕರಾವಳಿಯ ಅರಸುಮನೆತನದ ಹೆಸರುಂಟು. ಕನ್ನಡದ ಮೊದಲ ತಾಮ್ರದ ಬರಹಕ್ಕೆ ಕರಾವಳಿಯ ಮೀನಿನ ಮುದ್ರೆಯುಂಟು. ತುಳು ಮಾತನಾಡುವ ಸೀಮೆ ಕನ್ನಡನಾಡಿಗೆ ತಡವಾಗಿ ಬಂದು ಸೇರಿದ ನೆಂಟನೆಂಬಂತೆ ಮಾತನಾಡುವವರು, ಘಟ್ಟದ ಮೇಲಿನವರಾಗಲಿ ಕೆಳಗಿನವರಾಗಲಿ, ಈ ಎರಡು ಬರಹಗಳನ್ನು ಒಮ್ಮೆ ನೋಡಿ ಬರಲಿ. ಮನೆಯ ಹಳೆಯ ದಸ್ತಾವೇಜು ನಮ್ಮ ಪೆಟ್ಟಿಗೆಯಲ್ಲಿಯೇ ಇದೆ.

ನಾಡಿನ ಲಾಂಛನದಲ್ಲಿ ಮಾತ್ರ ಈ ಮೀನು ಇಲ್ಲ. ಅಲ್ಲಿರುವುದು ಗಂಡಭೇರುಂಡ. ಕೆಂಪು ಗುರಾಣಿಯ ಮೇಲೆ ಬಿಳಿಯ ಇಬ್ಬಾಯಿ ಹಕ್ಕಿ, ಎರಡು ಪಕ್ಕದಲ್ಲಿ ಆನೆಯ ಮೊಗವೂ ಸಿಂಹದ ಮೈಯೂ ಉಳ್ಳ ಮೃಗಗಳು, ನೆತ್ತಿಯ ಮೇಲೆ ಸಾರನಾಥದ ಅಶೋಕನ ಸಿಂಹಗಳು. ಶಾಲೆಯ ಪುಸ್ತಕದಲ್ಲಿ ಮಕ್ಕಳು ನೋಡುವುದೂ, ಸರಕಾರಿ ಬಸ್ಸಿನ ಮೈಮೇಲೆ ನಾವು ನೋಡುವುದೂ ಆ ಹಕ್ಕಿಯನ್ನೇ. 1956ನೆಯ ನವೆಂಬರ್ 1ರಂದು ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಒಂದುಗೂಡಿದಾಗ ಮೈಸೂರರಸರ ಹಕ್ಕಿಯೇ ಎಲ್ಲರ ಹಕ್ಕಿಯಾಯಿತು. ಇದು ಒಂದು ಅರಮನೆಯ ಗುರುತು, ನಮ್ಮದು ಹೇಗಾದೀತು ಎಂದು ಧಾರವಾಡದ ಕಡೆಯಲ್ಲಿಯೂ ನಮ್ಮ ಕಡೆಯಲ್ಲಿಯೂ ಕೇಳುವವರುಂಟು. ಅವರಿಗೆ ಉತ್ತರ ಬಳ್ಳಿಗಾವೆಯಲ್ಲಿದೆ. ಚಾವುಂಡರಾಯನೆಂಬ ಮಂಡಲೇಶ್ವರನು ಚಾಲುಕ್ಯರ ಕಾಲದಲ್ಲಿ, 1047ರಲ್ಲಿ ಅಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವು ಮೈಸೂರರಸರ ಮನೆತನ ಹುಟ್ಟುವುದಕ್ಕೆ ಮೂರು ಶತಮಾನಗಳಿಗೂ ಹಿಂದಿನದು. ಅಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಇದೆ. ನಮ್ಮ ಕರಾವಳಿಯನ್ನೂ ಆಳಿದ ಕೆಳದಿಯವರ ರಾಮೇಶ್ವರ ದೇವಾಲಯದ ಮಾಳಿಗೆಯ ಕಲ್ಲಿನಲ್ಲಿಯೂ ಇದೆ. ಬನವಾಸಿ ಸೀಮೆಯಿಂದ ಹೊರಟು ತುಂಗಭದ್ರೆಯ ದಡವನ್ನು ಕಂಡು, ಬಳಿಕ ಮೈಸೂರಿನಲ್ಲಿ ಗೂಡು ಕಟ್ಟಿದ ಹಕ್ಕಿಯದು.

ಹಕ್ಕಿ ನಮ್ಮದಾದರೂ ಅದು ಕುಳಿತ ಗುರಾಣಿ ನಮ್ಮದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 1877ರ ದಿಲ್ಲಿ ದರ್ಬಾರಿನಲ್ಲಿ ದೇಶೀಯ ಅರಸರಿಗೆ ಹಂಚಲೆಂದು ಬಂಗಾಳದ ಸಿವಿಲ್ ಅಧಿಕಾರಿ ರಾಬರ್ಟ್ ಟೇಲರನೆಂಬವನು ಒಬ್ಬೊಬ್ಬರಿಗೆ ಒಂದೊಂದು ಧ್ವಜವನ್ನು ವಿಲಾಯತಿಯ ಪದ್ಧತಿಯಂತೆ ರಚಿಸಿಕೊಟ್ಟನು. ಗುರಾಣಿ, ಅದನ್ನು ಹಿಡಿದ ಎರಡು ಮೃಗ, ಕೆಳಗೆ ಸುರುಳಿ, ಸುರುಳಿಯಲ್ಲಿ ಧ್ಯೇಯವಾಕ್ಯ ಎಂಬ ಈ ಮಾದರಿಯೇ ಲಾಂಛನವೆಂಬ ಭ್ರಮೆ ನಮಗೆ ಹಿಡಿದುದು ಆ ಕಾಲದಿಂದ. ಕದಂಬರಿಗೆ ಸಿಂಹದ ಮುದ್ರೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಅವರಾರಿಗೂ ಗುರಾಣಿ ಬೇಕಾಗಿರಲಿಲ್ಲ. ನಾವು ಊರಿಗೆ ಮುದ್ರೆ ಮಾಡುವಾಗ ಕುದುರೆಯೇರಿದ ಸರದಾರನ ಉಡುಪನ್ನು ಎರವಲು ತರಬೇಕಾದ ಕಾರಣವಿಲ್ಲ.

ಇನ್ನು ಧ್ವಜದ ಮಾತು. ಮಂಗಳೂರಿನಲ್ಲಿ ಬಾವುಟಗುಡ್ಡವೆಂಬುದಿದೆ. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಪುತ್ತೂರನ್ನು ದಾಟಿ, ಇದೇ ಪಾಣೆಮಂಗಳೂರಿನ ದಾರಿ ಹಿಡಿದು ಬಂಟವಾಳದ ಮೇಲೆ ಹೋಗಿ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಕುಂಪಣಿಯ ನಿಶಾನೆಯನ್ನಿಳಿಸಿ ಆ ಗುಡ್ಡದ ಮೇಲೆ ತಮ್ಮ ಬಾವುಟವನ್ನೇರಿಸಿದರೆಂದು ಜನರು ಹೇಳುತ್ತ ಬಂದಿದ್ದಾರೆ. ಹದಿಮೂರು ದಿನದ ಆಳಿಕೆ. ಕಣ್ಣೂರಿನಿಂದ ದಂಡು ಬಂದಿತು. ನಂದಾವರದ ಬಂಗರಸನೇ ಮೊದಲಾದವರನ್ನು ನೇಣಿಗೇರಿಸಿದರು. ಬಾವುಟ ಇಳಿಯಿತು, ಗುಡ್ಡದ ಹೆಸರು ಇಳಿಯಲಿಲ್ಲ. 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತುದೂ ಅಲ್ಲಿಯೇ. ನಂದಾವರವೂ ನಾವೂ ಒಂದೇ ಹೊಳೆಯ ದಡದವರು. ಈ ಕಥೆಯನ್ನು ನಮ್ಮ ಮಕ್ಕಳು ಮಂಗಳೂರಿಗೆ ಹೋಗಿ ಕಲಿಯಬೇಕಾಗಬಾರದು.

ಪುರಸಭೆಯ ಮಾಡಿನ ಮೇಲೆ ಬಾವುಟವೆಂಬ ವಿಚಾರವೂ ಹೊಸದಲ್ಲ. 1923ರಲ್ಲಿ ಜಬಲ್ಪುರದ ಪುರಭವನದ ಮೇಲೆ ರಾಷ್ಟ್ರಧ್ವಜವನ್ನು ಏರಿಸಬಹುದೆ ಎಂಬಲ್ಲಿಂದ ಹುಟ್ಟಿದ ಜಗಳವೇ ನಾಗಪುರದ ಝಂಡಾ ಸತ್ಯಾಗ್ರಹವಾಗಿ ಬೆಳೆಯಿತು. ಹುಬ್ಬಳ್ಳಿಯಿಂದ ಡಾಕ್ಟರ್ ನಾ. ಸು. ಹರ್ಡೀಕರರು ಸ್ವಯಂಸೇವಕರ ತಂಡವನ್ನು ಕಟ್ಟಿಕೊಂಡು ಹೋಗಿ ಅಲ್ಲಿ ಸೆರೆಮನೆ ಕಂಡರು. ಆ ಸೆರೆವಾಸದ ಅನುಭವದಿಂದಲೇ ಹಿಂದುಸ್ತಾನಿ ಸೇವಾದಳದ ಯೋಚನೆ ಬಲಿಯಿತು. ಅದೇ ಹರ್ಡೀಕರರು 1931ರ ಧ್ವಜಸಮಿತಿಯ ಏಳು ಮಂದಿಯಲ್ಲಿ ಒಬ್ಬರು. ಆ ಸಮಿತಿ ಏಕೆ ಬೇಕಾಯಿತೆಂಬುದನ್ನು ನಮ್ಮ ಪುರಸಭೆಯವರು ಗಮನವಿಟ್ಟು ಕೇಳಬೇಕು. ಮೊದಲಿನ ಧ್ವಜದಲ್ಲಿ ಇಂಥ ಬಣ್ಣ ಇಂಥ ಮತದವರದು ಎಂಬ ಅರ್ಥ ಸೇರಿಕೊಂಡಿತ್ತು. ಹಾಗಾದರೆ ನಮ್ಮ ಬಣ್ಣವೆಲ್ಲಿ ಎಂದು ಸಿಖ್ಖರು ಕೇಳಿದರು. ಕೇಳಿದುದು ತಪ್ಪಲ್ಲ. ಪಾಲಿನ ಲೆಕ್ಕ ತೆರೆದ ಮೇಲೆ ಪಾಲು ಕೇಳದಿರುವವನಾರು? ವಿಭಾಗದ ದಾವೆಗಳಲ್ಲಿ ನಾವು ದಿನವೂ ಕಾಣುವುದು ಅದನ್ನೇ. ಸಮಿತಿಯು ಒಂದೇ ಕೇಸರಿ ಬಣ್ಣದ ಧ್ವಜ ಸಾಕೆಂದಿತು. ಮುಂಬಯಿಯಲ್ಲಿ ಕೂಡಿದ ಕಾಂಗ್ರೆಸ್ಸು ಅದನ್ನೊಪ್ಪದೆ ಕೇಸರಿ, ಬಿಳಿ, ಹಸುರುಗಳನ್ನಿರಿಸಿಕೊಂಡು, ಈ ಬಣ್ಣಗಳು ಯಾವ ಮತವನ್ನೂ ಸೂಚಿಸತಕ್ಕವಲ್ಲವೆಂದು ಸ್ಪಷ್ಟಪಡಿಸಿತು. 1947ನೆಯ ಜುಲೈ 22ರಂದು ಚರಕದ ಸ್ಥಳದಲ್ಲಿ ಚಕ್ರವನ್ನಿರಿಸಿ ಅಂಗೀಕರಿಸಿದುದು ಆ ಧ್ವಜವನ್ನೇ.

ದೊಡ್ಡ ಧ್ವಜಕ್ಕೂ ಸಣ್ಣ ಧ್ವಜಕ್ಕೂ ಹೊಂದಿಕೆಯಾದೀತೆ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ರಕ್ತದಲ್ಲಿ ಬರೆದ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿತು. ಧ್ವಜವನ್ನೇರಿಸಕೂಡದೆಂದು ಸರಕಾರದ ಆಜ್ಞೆಯಿದ್ದರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಏರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು, ಹೆಣಗಳು ಬಿದ್ದವು. ಬಳಿಕ ಸರದಾರ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದಾಗ ಹೊರಟ ತೀರ್ಮಾನವೇನು? ರಾಷ್ಟ್ರಧ್ವಜವೂ ಮೈಸೂರಿನ ಧ್ವಜವೂ ಜೊತೆಯಾಗಿ ಹಾರಬಹುದೆಂಬುದು. ಇಷ್ಟನ್ನು ಏಪ್ರಿಲಿಗೆ ಮೊದಲೇ ಒಪ್ಪಿದ್ದರೆ ವಿದುರಾಶ್ವತ್ಥದ ಮನೆಗಳಲ್ಲಿ ದೀಪ ಆರುತ್ತಿರಲಿಲ್ಲ. ಒಂದು ಕಂಬದ ಮೇಲಿನ ಹಕ್ಕಿಯನ್ನು ಇನ್ನೊಂದು ಕಂಬದ ಚರಕವು ನುಂಗುವುದಿಲ್ಲವೆಂಬ ಸಾಮಾನ್ಯ ಸಂಗತಿಯನ್ನು ತಿಳಿಯಲು ಇಷ್ಟು ಬೆಲೆ ತೆರಬೇಕಾಯಿತು.

ತೆತ್ತ ಮೇಲೂ ಪಾಠ ಪೂರ್ತಿ ತಲೆಗೆ ಹತ್ತಿತೆಂದು ಹೇಳಲಾರೆವು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಅರಿಶಿನ-ಕುಂಕುಮದ ಬಾವುಟ ನಾಡಿನ ಮನೆಮನೆಯನ್ನು ಸೇರಿತು. ಅದಕ್ಕೆ ಸರಕಾರದ ಆಜ್ಞೆಯೇನೂ ಬೇಕಾಗಲಿಲ್ಲ. 2012ರಲ್ಲಿ ರಾಜ್ಯೋತ್ಸವದಂದು ಅದನ್ನು ಸರಕಾರಿ ಕಟ್ಟಡಗಳ ಮೇಲೆ ಕಡ್ಡಾಯವಾಗಿ ಹಾರಿಸಬೇಕೆಂದು ಆಜ್ಞೆ ಹೊರಟಿತು, ವ್ಯಾಜ್ಯ ನ್ಯಾಯಾಲಯಕ್ಕೇರಿತು, ಆಜ್ಞೆ ಹಿಂದೆ ಬಂತು. 2018ನೆಯ ಮಾರ್ಚ್ 8ರಂದು ಹಳದಿ, ಬಿಳಿ, ಕೆಂಪು ಪಟ್ಟೆಗಳ ನಡುವೆ ಗಂಡಭೇರುಂಡವಿರುವ ಹೊಸ ಧ್ವಜವನ್ನು ರಾಜ್ಯ ಸರಕಾರವು ಅನಾವರಣಗೊಳಿಸಿ ಕೇಂದ್ರದ ಒಪ್ಪಿಗೆಗೆ ಕಳುಹಿತು, ಒಪ್ಪಿಗೆ ಬರಲಿಲ್ಲ. ಸಂವಿಧಾನದಲ್ಲಿ ರಾಜ್ಯಕ್ಕೆ ಧ್ವಜ ಕೂಡದೆಂಬ ವಿಧಿಯಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಜನರು ತಾವಾಗಿ ಹಿಡಿದ ಬಾವುಟವಿರುವಾಗ ಸಮಿತಿಯಲ್ಲಿ ಹೊಸದನ್ನು ಹೊಲಿಸಿದುದು ಜಾಣತನವೆಂದು ನಮಗೆ ತೋರುವುದಿಲ್ಲ. 2020ರ ಡಿಸೆಂಬರಿನಲ್ಲಿ ಬೆಳಗಾವಿಯ ಮಹಾನಗರಪಾಲಿಕೆಯ ಮುಂದೆ ಕನ್ನಡದ ಬಾವುಟವನ್ನು ನೆಟ್ಟುದರಿಂದ ಎದ್ದ ಗದ್ದಲವನ್ನು ತಾವೆಲ್ಲರೂ ಕೇಳಿರುವಿರಿ. ಗಡಿಯ ಊರಿನಲ್ಲಿ ಬಾವುಟದ ಕಂಬ ಬರಿಯ ಕಂಬವಲ್ಲ. ಕಾಸರಗೋಡಿನವರನ್ನು ಕೇಳಿದರೂ ಅದನ್ನೇ ಹೇಳುವರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು; ಆ ಕಾಗದಕ್ಕೆ ಮುದ್ರೆ ಬೀಳಲಿಲ್ಲ. ನಮ್ಮ ಕಡೆಯಲ್ಲಿ ತುಳುವಿಗೂ ಬಾವುಟ ಬೇಕೆನ್ನುವವರುಂಟು. ಇರಲಿ, ನಮಗೇನೂ ಅಂಜಿಕೆಯಿಲ್ಲ. ಬೆಳ್ಮಣ್ಣಿನ ಮೀನು ಕನ್ನಡ ಬರಹಕ್ಕೆ ಮುದ್ರೆಯಾಗಿ ಬಿದ್ದಾಗ ಆಳುವರಸನ ತುಳುನಾಡಿಗೆ ಯಾವ ಊನವೂ ಬರಲಿಲ್ಲ.

ಈಗ ನಮ್ಮ ಪೇಟೆಗೆ ಬರೋಣ. ಬಂಟವಾಳ ಪುರಸಭೆಯ ಸರಹದ್ದಿನಲ್ಲಿ ಬಂಟವಾಳವೂ ಉಂಟು, ಪಾಣೆಮಂಗಳೂರೂ ಉಂಟು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ನುಡಿಗಳೂ ಒಂದೇ ಸಂತೆಯಲ್ಲಿ ಕೇಳುವ ಸ್ಥಳವಿದು. ಇಲ್ಲಿನ ಮುದ್ರೆಯಲ್ಲಿ ಒಂದು ಗೋಪುರ, ಒಂದು ಮಸೀದಿ, ಒಂದು ಇಗರ್ಜಿ, ಒಂದು ಬಸದಿ, ಒಂದು ದೈವದ ಮೊಗ ಎಂದು ಜೋಡಿಸಬೇಕೆಂಬ ಸೂಚನೆಯೂ ನಮ್ಮ ಕಿವಿಗೆ ಬಿದ್ದಿದೆ. ಸದುದ್ದೇಶವೇ ಸರಿ. ಆದರೆ ಅದು 1931ಕ್ಕೆ ಮುಂಚಿನ ತಪ್ಪು. ರೂಪಾಯಿಯಗಲದ ಮುದ್ರೆಯಲ್ಲಿ ಐದು ಕಟ್ಟಡಗಳನ್ನು ತುಂಬಿದರೆ ಯಾವುದು ಎತ್ತರ, ಯಾವುದು ಬಲಕ್ಕೆ ಎಂಬ ತಕರಾರು ಮುಗಿಯುವ ಹೊತ್ತಿಗೆ ಸಭೆಯ ಅವಧಿಯೇ ಮುಗಿದೀತು.

ಎಲ್ಲರಿಗೂ ಪಾಲಿಲ್ಲದೆ ಸೇರಿದುದು ನಮ್ಮಲ್ಲಿ ಒಂದಿದೆ, ಅದು ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂದು ನಮ್ಮ ಅಂಗಳದಲ್ಲಿ ಹರಿಯುವ ಈ ಹೊಳೆಯಿಂದಲೇ ಪಾಣೆಮಂಗಳೂರು ಪೇಟೆಯಾಯಿತು. ಮಂಗಳೂರಿನಿಂದ ಉಪ್ಪೂ ಸರಕೂ ದೋಣಿಯಲ್ಲಿ ಇಲ್ಲಿಗೆ ಏರಿ ಬಂದು ಇಲ್ಲಿಂದ ಘಟ್ಟದ ದಾರಿ ಹಿಡಿಯುತ್ತಿದ್ದವು. ಬ್ರಿಟಿಷರ ಕಾಲದ ಹಳೆಯ ಸೇತುವೆ ನಿಂತುದು ಆ ದಾರಿಯ ಸಲುವಾಗಿಯೇ. ಈಗ ಹೆದ್ದಾರಿಗೆ ಬೇರೆ ಸೇತುವೆ ಬಂದಿದೆ. 1923ರಲ್ಲಿಯೂ 1974ರಲ್ಲಿಯೂ ಇದೇ ಹೊಳೆ ಉಕ್ಕಿ ಪೇಟೆಯೊಳಗೆ ನುಗ್ಗಿತು. ನೆರೆಯ ನೀರು ಯಾರ ಮನೆಯ ಜಾತಿಯನ್ನೂ ಕೇಳಲಿಲ್ಲ. ಹಾಯಿಸಿದ ದೋಣಿಯವನೂ ಕೇಳಲಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಮುದ್ರೆಯು ದುಂಡಗಿರಲಿ, ಗುರಾಣಿ ಬೇಡ. ನಡುವೆ ಆಳುಪರ ಜೋಡಿ ಮೀನು. ಅವುಗಳ ಕೆಳಗೆ ಹೊಳೆಯ ಮೂರು ಅಲೆ. ಸುತ್ತಲೂ ಪುರಸಭೆಯ ಹೆಸರು ಕನ್ನಡದಲ್ಲಿ. ಧ್ಯೇಯವಾಕ್ಯ ಬೇಡ. ಸಂಸ್ಕೃತದಲ್ಲಿ ಬರೆದರೆ ಜನಕ್ಕೆ ತಿಳಿಯದು, ತಿಳಿಯುವಂತೆ ಬರೆದರೆ ಪುರಸಭೆಯವರಿಗೆ ಕಷ್ಟವಾದೀತು. (ನಗು) ಧ್ವಜದ ನೆಲಕ್ಕೆ ಬಣ್ಣವನ್ನಾರಿಸುವುದು ಈ ಕಾಲದಲ್ಲಿ ಸುಲಭವಲ್ಲ. ಕೆಂಪೆಂದರೆ ಒಂದು ಪಕ್ಷ, ಹಸುರೆಂದರೆ ಒಂದು ಮತ, ಕೇಸರಿಯೆಂದರೆ ಇನ್ನೊಂದು ಎಂದು ಜನರು ಬಣ್ಣಗಳನ್ನೆಲ್ಲ ಕೊಂಡು ಮುಗಿಸಿದ್ದಾರೆ. ನಮಗೆ ಹೊಳೆದುದು ಮುರಕಲ್ಲಿನ ಬಣ್ಣ. ನಮ್ಮ ಗೋಡೆಯ ಬಣ್ಣ ಅದು, ಬಾವಿಯ ದಂಡೆಯದು ಅದು. 1865ರಿಂದ ಮಂಗಳೂರಿನ ಕಾರ್ಖಾನೆಗಳು ಸುಟ್ಟುಕೊಟ್ಟ ಹಂಚಿನದೂ ಹೆಚ್ಚುಕಡಿಮೆ ಅದೇ. ಯಾವ ಪಕ್ಷದವನೂ ಇದು ತನ್ನದೆಂದು ಇದುವರೆಗೆ ಹೇಳಿಲ್ಲ. ಅದರ ಮೇಲೆ ಬಿಳಿಯ ಮೀನು.

ಈ ಧ್ವಜವು ರಾಷ್ಟ್ರಧ್ವಜಕ್ಕೆ ಸರಿಸಮನಾಗಿ ನಿಲ್ಲತಕ್ಕುದಲ್ಲ. ಕೆಳಗೆ, ಬೇರೆ ಕಂಬದಲ್ಲಿ, ಧ್ವಜಸಂಹಿತೆಗೆ ಒಳಪಟ್ಟು ಹಾರತಕ್ಕುದು. ಬಟ್ಟೆಯನ್ನು ಧಾರವಾಡದ ಗರಗದಿಂದಲೋ ಹುಬ್ಬಳ್ಳಿಯ ಬೆಂಗೇರಿಯಿಂದಲೋ ತರಿಸಬೇಕು. ದೇಶಕ್ಕೆಲ್ಲ ಖಾದಿಯ ರಾಷ್ಟ್ರಧ್ವಜವನ್ನು ಹೊಲಿದುಕೊಟ್ಟ ಬೆಂಗೇರಿಯ ಹೆಣ್ಣುಮಕ್ಕಳಿಗೆ, 2021ರ ಕೊನೆಯಲ್ಲಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಬಂದ ಮೇಲೆ, ಕೆಲಸದ ಚಿಂತೆ ಹತ್ತಿದೆ. ಒಂದು ಸಣ್ಣ ಪುರಸಭೆಯ ನಾಲ್ಕಾರು ಬಾವುಟಗಳಿಂದ ಅವರ ಮಗ್ಗ ಉಳಿಯಲಾರದು. ಆದರೂ ನಮ್ಮದು ಅಲ್ಲಿಂದಲೇ ಬರಲಿ.

ಸಭೆಯವರು ಇದನ್ನು ನಮ್ಮ ಮಾತಿನಿಂದ ಒಪ್ಪಬೇಕಾದುದಿಲ್ಲ. ನಕ್ಷೆಯನ್ನು ಪುರಸಭೆಯ ಬಾಗಿಲಲ್ಲಿ ತೂಗಿಸಿ ಒಂದು ತಿಂಗಳು ಜನರ ಆಕ್ಷೇಪಣೆಗಳನ್ನು ಬರಹದಲ್ಲಿ ಕರೆಯಲಿ. ಆ ಬಳಿಕ ಠರಾವು ಮಾಡಲಿ. ಮುದ್ರೆ ಸಿದ್ಧವಾದ ದಿನ ಅದನ್ನು ಮೊದಲು ಒತ್ತಬೇಕಾದುದು ಸನ್ಮಾನಪತ್ರದ ಮೇಲಲ್ಲ. ಇಂಥ ದಿನದೊಳಗೆ ಹೊಳೆಗೆ ಬಿಡುವ ಕೊಳೆನೀರನ್ನು ನಿಲ್ಲಿಸುವೆವೆಂಬ ಕರಾರಿನ ಮೇಲೆ. ಮೀನನ್ನು ಮುದ್ರೆಯಲ್ಲಿಟ್ಟುಕೊಂಡವರು ಮೀನಿರುವ ನೀರಿಗೆ ಜವಾಬುದಾರರು. ಬಳೆಯ ತುದಿಯಲ್ಲಿ ಎರಕ ಹೊಯ್ದ ಹಾಗೆ.

ಒಂದು ಸಣ್ಣ ಸಂಗತಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಎರಡು ಮೀನುಗಳೂ ಕಡಲಿನ ಕಡೆಗೇ ಮುಖ ಮಾಡಿರಬೇಕೋ, ಒಂದು ಕಡಲಿಗೂ ಒಂದು ಘಟ್ಟಕ್ಕೂ ಮುಖ ಮಾಡಿರಬೇಕೋ ಎಂದು ನಮ್ಮ ಮಿತ್ರರಲ್ಲಿ ಎರಡು ಅಭಿಪ್ರಾಯಗಳಾಗಿವೆ. ಉಪ್ಪಿನ ದೋಣಿ ಏರಿಯೂ ಬಂತು, ಇಳಿದೂ ಹೋಯಿತು ಎಂಬುದು ನಮ್ಮ ವಾದ. ಅಧ್ಯಾಪಕ ಮಿತ್ರರು ಮಕ್ಕಳ ಕೈಯಲ್ಲಿ ಎರಡು ಬಗೆಯಲ್ಲಿಯೂ ಬರೆಯಿಸಿ ಮುಂದಿನ ಸಭೆಗೆ ತರಬೇಕೆಂದು ಬಿನ್ನವಿಸುತ್ತೇವೆ.